ಕಡಲ ತಳದಲ್ಲೊಂದು ಮಂಗಳೂರು ಹೆಂಚು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಮೂಡುಬಿದಿರೆಯ ಹೆಂಚಿನ ಮನೆಯವರಿಗೆಲ್ಲ ಒಂದೇ ಗಡಿಬಿಡಿ. ಮಳೆ ಹಿಡಿಯುವ ಮೊದಲು ಮಾಡು ಸರಿಯಾಗಬೇಕು. ಮಾಡಿಗೆ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕಿದರೆ ಅವರು ಹೇಳಿದ ದಿನವೇ ನಮ್ಮ ರಜಾದಿನ. ಈ ಸಲ ನಾನೂ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೆಳಗೆ ನಿಂತು ಹೆಂಚು ಎತ್ತಿಕೊಡುವ ಕೆಲಸ ಮಾಡಿದೆ.

ಅಡುಗೆಮನೆ ಮಾಡಿನಿಂದ ಇಳಿಸಿದ ಒಂದು ಹಳೇ ಹೆಂಚನ್ನು ಅಂಗಳದಲ್ಲಿ ಮಗುಚಿ ಹಾಕಿದಾಗ ಅಡಿಭಾಗದಲ್ಲಿ ಇಂಗ್ಲಿಷ್ ಅಕ್ಷರ ಕಾಣಿಸಿತು. ಪಾಚಿ ಉಜ್ಜಿ ನೋಡಿದರೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಅದು ಹೆಂಚು ಮಾಡಿದ ವರ್ಷ ಅಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆದರೂ ನೂರು ವರ್ಷ ದಾಟಿದ ಹೆಂಚು ಎನ್ನುವುದರಲ್ಲಿ ಸಂಶಯ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಾರ್ಖಾನೆಗಳು ಮಿಷನ್ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು.

ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ಎರಡು ಹೃದಯ, ನಾಲ್ಕು ಹೆಬ್ಬೆರಳು ಬಂತು. ರಾತ್ರಿ ಸುಮ್ಮನೆ ಆ ಮುದ್ರೆಯ ಬಗ್ಗೆ ಹುಡುಕುತ್ತ ಕೂತಾಗ ಸಿಕ್ಕಿದ ವಿಷಯ ಮಾತ್ರ ನಿದ್ದೆ ಕೆಡಿಸಿತು. ಇದೇ ಮುದ್ರೆಯ ಹೆಂಚುಗಳು ಗೋವಾದ ಕಡಲ ತಳದಲ್ಲಿ ಬಿದ್ದಿವೆ. ಒಂದೆರಡಲ್ಲ, ಒಂದು ಹಡಗಿನ ಸರಕು.

ಯಾರಿಗೂ ಬೇಡದ ನಿಧಿ

ಜಾಗದ ಹೆಸರು ಸೇಂಟ್ ಜಾರ್ಜ್ ರೀಫ್. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ, ಅಂದರೆ ಎನ್‌ಐಒದ, ಪುರಾತತ್ವ ತಂಡ ಅಲ್ಲಿ ಮುಳುಗಿ ನೋಡಿದಾಗ ಸಿಕ್ಕಿದ್ದು ಚಿನ್ನ ಬೆಳ್ಳಿ ಅಲ್ಲ. ಮಾಡಿನ ಹೆಂಚು, ಕೋಳು ಹೆಂಚು, ನೆಲದ ಹಾಸು, ನೀರು ಹೋಗುವ ಮಣ್ಣಿನ ಕೊಳವೆ, ಹೊಗೆಗೂಡಿನ ಇಟ್ಟಿಗೆ, ಯುರೋಪಿನ ಶೈಲಿಯ ಕಂಬಗಳ ತಲೆಗೆ ಕೂರಿಸುವ ಸುಟ್ಟಮಣ್ಣಿನ ಅಲಂಕಾರ. ಹೆಂಚಿನ ಮೇಲೆ ಬಾಸೆಲ್ ಮಿಷನ್ನಿನ ಹೆಸರು, 1865 ಎಂಬ ಅಂಕೆ. ಯಾರದೋ ಬಂಗಲೆಗೆ ಹೊರಟಿದ್ದ ಕಟ್ಟಡ ಸಾಮಗ್ರಿ ದಾರಿಯಲ್ಲಿ ಬಂಡೆಗೆ ಸಿಕ್ಕಿ ತಳ ಸೇರಿದೆ.

ಹರಾಜಿಗೆ ಹಾಕಿದರೆ ಇದಕ್ಕೆ ಹತ್ತು ರೂಪಾಯಿ ಸಿಗಲಿಕ್ಕಿಲ್ಲ. ಯಾವ ನಿಧಿಬೇಟೆಯವನೂ ಇದಕ್ಕಾಗಿ ನೀರಿಗೆ ಇಳಿಯುವುದಿಲ್ಲ. ಆದರೆ ನಮ್ಮಂಥವರಿಗೆ ಇದು ಏನು ಹೇಳುತ್ತದೆ ನೋಡಿ. ಮಂಗಳೂರು ಹೆಂಚು ಎಂದರೆ ನಾವು ಮಾಡನ್ನು ಮಾತ್ರ ನೆನೆಯುತ್ತೇವೆ. ಕಡಲ ತಳದ ಈ ಸರಕು ತೋರಿಸುವುದು ಒಂದು ಪೂರ್ತಿ ಕಟ್ಟಡ ಉದ್ಯಮವನ್ನು: ನೆಲದಿಂದ ಮಾಡಿನವರೆಗೆ, ಕೊಳವೆಯಿಂದ ಕಂಬದವರೆಗೆ, ಕೆಂಪುಮಣ್ಣಿನಲ್ಲಿ ಸುಟ್ಟು ಹಡಗಿಗೆ ತುಂಬಿ ಕಳಿಸುತ್ತಿದ್ದ ಕರಾವಳಿಯನ್ನು. ಹಡಗು ಮುಳುಗಿದ್ದರಿಂದಲೇ ಆ ಸರಕು ಒಟ್ಟಿಗೆ ಉಳಿಯಿತು. ಮುಳುಗದೆ ದಡ ಸೇರಿದ್ದರೆ ಹತ್ತು ಕಟ್ಟಡಗಳಿಗೆ ಹಂಚಿಹೋಗಿ, ಇವತ್ತು ಜೆಸಿಬಿ ಬಾಯಿಗೆ ಬಿದ್ದಿರುತ್ತಿತ್ತು.

ಆಗ ನನ್ನ ತಲೆಗೆ ಬಂದದ್ದು ಒಂದು ತೀರಾ ಲೌಕಿಕ ಪ್ರಶ್ನೆ. ಹತ್ತು ರೂಪಾಯಿ ಬಾಳದ ಹೆಂಚು ನೋಡಲು ನೀರಿಗೆ ಇಳಿದರಲ್ಲ, ಅವರ ದೋಣಿಯ ಡೀಸೆಲ್‌ಗೆ, ಸಿಲಿಂಡರಿಗೆ, ಸಂಬಳಕ್ಕೆ ದುಡ್ಡು ಕೊಟ್ಟವರು ಯಾರು?

ಉತ್ತರ ಸರಳ. ನಾವೇ, ತೆರಿಗೆ ಕಟ್ಟುವವರು. ಎನ್‌ಐಒ ಕೇಂದ್ರ ಸರ್ಕಾರದ ಸಿಎಸ್‌ಐಆರ್ ಅಡಿಯ ಪ್ರಯೋಗಾಲಯ. ಅಲ್ಲಿ 1980ರ ದಶಕದ ಆರಂಭದಲ್ಲಿ ಕಡಲ ಪುರಾತತ್ವದ ಕೆಲಸ ಕಟ್ಟಿದವರು ನಮ್ಮವರೇ, ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದ ಎಸ್. ಆರ್. ರಾವ್. ಗುಜರಾತಿನ ಲೋಥಾಲ್ ಅಗೆದ ಶಿಕಾರಿಪುರ ರಂಗನಾಥ ರಾವ್ ಅವರೇ. ಪುರಾತತ್ವ ಇಲಾಖೆಯಿಂದ ನಿವೃತ್ತರಾದ ಮೇಲೆ, ನಮ್ಮಲ್ಲಿ ಹೆಚ್ಚಿನವರು ಮೊಮ್ಮಕ್ಕಳನ್ನು ನೋಡಿಕೊಂಡು ಇರುವ ವಯಸ್ಸಿನಲ್ಲಿ, ಅವರು ದ್ವಾರಕೆಯ ಕಡಲಲ್ಲಿ ಹುಡುಕಾಟ ಶುರುಮಾಡಿಸಿದರು. 2013ರ ಜನವರಿಯಲ್ಲಿ ತೀರಿಕೊಂಡರು.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ತನ್ನದೇ ನೀರಡಿಯ ವಿಭಾಗ ತೆರೆದದ್ದು 2001ರಲ್ಲಿ. ಮರುವರ್ಷ ನೌಕಾಪಡೆಯ ಜತೆ ಸೇರಿ ಲಕ್ಷದ್ವೀಪದ ಬಂಗಾರಂ ದ್ವೀಪದ ಬಳಿ ಪ್ರಿನ್ಸೆಸ್ ರಾಯಲ್ ಎಂಬ ಹಡಗಿನ ಅವಶೇಷದ ಉತ್ಖನನ ಮಾಡಿತು. ಒಳ್ಳೆಯ ಆರಂಭ. ಆಮೇಲೆ ಆ ವಿಭಾಗ ಬಹುಕಾಲ ಸದ್ದಿಲ್ಲದೆ ಇತ್ತು. 2025ರ ಫೆಬ್ರವರಿಯಲ್ಲಿ ಅದರ ಐದು ಮಂದಿಯ ತಂಡ ದ್ವಾರಕೆಯಲ್ಲಿ ಮತ್ತೆ ನೀರಿಗಿಳಿದಾಗ ಅದೇ ದೊಡ್ಡ ಸುದ್ದಿಯಾಯಿತು. ಐದು ಮಂದಿ! ಏಳೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಕರಾವಳಿ ಇರುವ ದೇಶ ಇದು ಮಾರಾಯ್ರೆ.

ನಮ್ಮೂರಿಗೆ ಕಡಲ ಸಂಬಂಧ ಏನು?

ಮೂಡುಬಿದಿರೆಯಲ್ಲಿ ಕೂತು ಕಡಲಿನ ಬಗ್ಗೆ ಬರೆಯುವುದು ವಿಚಿತ್ರ ಎನಿಸಬಹುದು. ಇಲ್ಲಿಂದ ಮಂಗಳೂರಿಗೆ ಮೂವತ್ತೈದು ಕಿಲೋಮೀಟರು, ಅದೂ ಬಸ್ಸಿನಲ್ಲಿ ಹೋದರೆ ಅರ್ಧ ದಿನದ ಹಾಗೆ ಅನಿಸುತ್ತದೆ. ಕಡಲ ಬದಿಯಲ್ಲಿರುವುದು ಪಡುಬಿದ್ರಿ, ನಮ್ಮದು ಮೂಡಣ ಬಿದಿರೆ.

ಸಾವಿರ ಕಂಬದ ಬಸದಿಗೆ ಶಾಲೆಯ ಟೂರಿನಲ್ಲಿ ಹೋದವರಿಗೆ ನೆನಪಿರಬಹುದು, ಎದುರಿನ ಭೈರಾದೇವಿ ಮಂಟಪದ ಜಗಲಿಯ ಕಲ್ಲಿನಲ್ಲಿ ಗೈಡ್ ಎರಡು ಪ್ರಾಣಿ ತೋರಿಸುತ್ತಾರೆ. ಒಂದು ಉದ್ದ ಕುತ್ತಿಗೆಯದ್ದು, ಜಿರಾಫೆ. ಇನ್ನೊಂದು ಚೀನಾದ ಡ್ರ್ಯಾಗನ್. ಎರಡೂ ಪಶ್ಚಿಮ ಘಟ್ಟದಲ್ಲಿ ಓಡಾಡಿದ ಪ್ರಾಣಿಗಳಲ್ಲವಲ್ಲ. ಬಸದಿ ಕಟ್ಟಿದ್ದು 1430ರಲ್ಲಿ. ಚೀನಾದ ಝೆಂಗ್ ಹೆ ಎಂಬ ನೌಕಾಧಿಪತಿ ತನ್ನ ದೊಡ್ಡ ಹಡಗುಪಡೆಯೊಂದಿಗೆ ಹಿಂದೂ ಮಹಾಸಾಗರದಲ್ಲಿ ಏಳು ಸಲ ಓಡಾಡಿದ್ದು 1405ರಿಂದ 1433ರವರೆಗೆ. ಅದೇ ಕಾಲದಲ್ಲಿ ಆಫ್ರಿಕಾದ ಜಿರಾಫೆಗಳು ಹಡಗು ಹತ್ತಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋದವು. ಕಲ್ಲಿನಲ್ಲಿ ಕೆತ್ತಿದವನು ಜಿರಾಫೆಯನ್ನು ಕಣ್ಣಾರೆ ಕಂಡನೋ, ಬಂದರಿನಿಂದ ಬಂದ ವ್ಯಾಪಾರಿಯ ಬಾಯಲ್ಲಿ ಕೇಳಿದನೋ, ಅಂತೂ ಕಡಲ ಸುದ್ದಿ ಘಟ್ಟದ ಬುಡಕ್ಕೆ ತಲುಪಿತ್ತು.

ಸುದ್ದಿಯ ಜತೆ ದುಡ್ಡೂ ಬಂದಿತ್ತು. ಹದಿನೆಂಟು ಬಸದಿಗಳು ಭತ್ತದ ಗದ್ದೆಯ ಆದಾಯದಿಂದ ಮಾತ್ರ ಎದ್ದು ನಿಲ್ಲುವುದಿಲ್ಲ. ಘಟ್ಟದ ಕರಿಮೆಣಸು, ಬಯಲಿನ ಅಕ್ಕಿ ಬಂದರಿಗೆ ಇಳಿದು ಹಡಗು ಹತ್ತುತ್ತಿತ್ತು. ಇಲ್ಲಿನ ಚೌಟ ಅರಸರ ರಾಣಿ ಅಬ್ಬಕ್ಕ ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರೊಡನೆ ಜಗಳಕ್ಕೆ ನಿಂತದ್ದೂ ಉಳ್ಳಾಲದ ಬಂದರು ಮತ್ತು ಅದರ ವ್ಯಾಪಾರಕ್ಕಾಗಿಯೇ. ನಾವು ಅಬ್ಬಕ್ಕನ ಉತ್ಸವ ಮಾಡುತ್ತೇವೆ, ಕೋಸ್ಟ್ ಗಾರ್ಡ್ ಹಡಗಿಗೆ ಅವಳ ಹೆಸರುಂಟು. ಆ ಯುದ್ಧ ನಡೆದದ್ದು ಕಡಲಲ್ಲಿ. ಅದರ ಸಾಕ್ಷಿ ಇರುವುದಿದ್ದರೆ ಅದೂ ಕಡಲಲ್ಲೇ.

ಮುಳುಗುಗಾರರ ಕೂಲಿ, 12ನೇ ಶತಮಾನ

ಕಡಲ ತಳಕ್ಕೆ ಮನುಷ್ಯರನ್ನು ಇಳಿಸಲು ದುಡ್ಡು ಯಾರು ಕೊಡಬೇಕು ಎಂಬುದಕ್ಕೆ ಮಂಗಳೂರಿನಲ್ಲೇ ಒಂದು ಹಳೇ ಲೆಕ್ಕ ಉಂಟು. ಸುಮಾರು ಒಂಬೈನೂರು ವರ್ಷ ಹಳೆಯದು.

ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಷಿಯಾದ ಕಡೆಯವನು. 1132ರ ಹೊತ್ತಿಗೆ ನಮ್ಮ ಕರಾವಳಿಗೆ ಬಂದು, 1149ರವರೆಗೆ ಹೆಚ್ಚು ಕಾಲ ಮಂಗಳೂರಿನಲ್ಲಿ ಇದ್ದ. ಇಲ್ಲೇ ಆಶು ಎಂಬವಳನ್ನು ಕಟ್ಟಿಕೊಂಡ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಬೊಮ್ಮ ಎಂಬ ಆಳನ್ನು ವ್ಯಾಪಾರಕ್ಕೆ ಏಡನ್‌ವರೆಗೆ ಕಳಿಸಿದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಉಳಿದುಬಂದವು. ಅಮಿತಾವ್ ಘೋಷ್ ಬೊಮ್ಮನನ್ನು ಹುಡುಕಿಕೊಂಡು ಮಂಗಳೂರಿಗೆ ಬಂದದ್ದು ಈ ಪತ್ರಗಳನ್ನು ಹಿಡಿದುಕೊಂಡೇ.

ಏಡನ್‌ನ ಜತೆಗಾರ ವ್ಯಾಪಾರಿ ಬೆನ್ ಯಿಜುವಿಗೆ ಬರೆದ ಪತ್ರವೊಂದರಲ್ಲಿ ಹಡಗು ಮುಳುಗಿದ ಸುದ್ದಿ ಉಂಟು. ಇವನು ಕಳಿಸಿದ್ದ ಕರಿಮೆಣಸು ಮತ್ತು ಕಬ್ಬಿಣ ಹೊತ್ತ ಹಡಗು ಕೆಂಪು ಸಮುದ್ರದ ಬಾಗಿಲಿನ ಹತ್ತಿರ ಮುಳುಗಿತು. ಮೆಣಸು ಪೂರ್ತಿ ನಷ್ಟ. ಕಬ್ಬಿಣಕ್ಕಾಗಿ ಮುಳುಗುಗಾರರನ್ನು ಕೂಲಿಗೆ ಇಳಿಸಿ ಒಂದಷ್ಟನ್ನು ಮೇಲೆತ್ತಿಸಿದರು. ಅವರ ಕೂಲಿ, ಸಾಗಣೆ ಖರ್ಚು ಎಲ್ಲವನ್ನೂ ಮಾರಾಟದ ಹಣದಲ್ಲಿ ಕಳೆದು, ಉಳಿದದ್ದನ್ನು ಸರಕಿನ ಪಾಲುದಾರರಿಗೆ ಅವರವರ ಪಾಲಿನಂತೆ ಹಂಚುವುದು.

ಎಷ್ಟು ಅಚ್ಚುಕಟ್ಟಾದ ಲೆಕ್ಕ! ಮೇಲೆ ಬಂದದ್ದರಿಂದಲೇ ಮುಳುಗಿದವನಿಗೆ ಕೂಲಿ. ಇವತ್ತಿಗೂ ಹಡಗು ಎತ್ತುವ ಕಂಪನಿಗಳು ನಡೆಯುವುದು ಹೆಚ್ಚುಕಡಿಮೆ ಇದೇ ಲೆಕ್ಕದ ಮೇಲೆ. ವ್ಯಾಪಾರಿಗೆ ಇದರಲ್ಲಿ ತಪ್ಪಿಲ್ಲ. ಅವನ ಕಬ್ಬಿಣ, ಅವನ ನಷ್ಟ.

ಆದರೆ ಇದೇ ಲೆಕ್ಕವನ್ನು ಚರಿತ್ರೆಗೆ ಹಚ್ಚಿದರೆ ಏನಾಗುತ್ತದೆ? ಮಾರಲು ಬರುವ ಕಬ್ಬಿಣ ಮಾತ್ರ ಮೇಲೆ ಬರುತ್ತದೆ. ಮೆಣಸು ತುಂಬಿದ ಚೀಲ ಯಾವ ನಾರಿನದ್ದು, ಹಡಗಿನ ಹಲಗೆ ಯಾವ ಕಾಡಿನದ್ದು, ಹುರಿಯಲ್ಲಿ ಹೊಲಿದದ್ದೋ ಮೊಳೆ ಹೊಡೆದದ್ದೋ, ಅಡುಗೆ ಮಡಕೆಯಲ್ಲಿ ಏನು ಬೇಯುತ್ತಿತ್ತು ಎಂಬುದೆಲ್ಲ ಅಲ್ಲೇ ಕಲಕಿಹೋಗುತ್ತದೆ. ಹೆಂಚಿನ ಹಡಗಿಗಂತೂ ಯಾರೂ ಇಳಿಯುವುದೇ ಇಲ್ಲ.

ಮೂವತ್ತು ಸಾವಿರ ಡಾಲರ್ ಕಲಿಸಿದ ಪಾಠ

ಇದು ಊಹೆಯ ಮಾತಲ್ಲ. 1752ರಲ್ಲಿ ಗೆಲ್ಡರ್‌ಮಾಲ್ಸೆನ್ ಎಂಬ ಡಚ್ ಹಡಗು ಚೀನಾದಿಂದ ಹಿಂದಿರುಗುವಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿತು. 1985ರಲ್ಲಿ ಮೈಕೆಲ್ ಹ್ಯಾಚರ್ ಎಂಬ ನಿಧಿಬೇಟೆಗಾರ ಅದನ್ನು ಹುಡುಕಿ, ಚಿನ್ನದ ಗಟ್ಟಿ ಮತ್ತು ಒಂದೂವರೆ ಲಕ್ಷದಷ್ಟು ಪಿಂಗಾಣಿ ಎತ್ತಿದ. 1986ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕ್ರಿಸ್ಟೀಸ್ ಹರಾಜು. ಸುಮಾರು ಒಂದು ಕೋಟಿ ಪೌಂಡ್ ಗಳಿಕೆ. ಆ ಹಡಗಿನ ಮುಖ್ಯ ಸರಕು ಪಿಂಗಾಣಿ ಅಲ್ಲ, ಚಹಾ. ಇನ್ನೂರು ವರ್ಷ ನೆನೆದ ಚಹಾ ಸೊಪ್ಪನ್ನು ಯಾರು ಕೊಳ್ಳುತ್ತಾರೆ? ಅದಕ್ಕೆ ಬೆಲೆ ಇರಲಿಲ್ಲ, ಹಡಗಿನ ಮೈಗೂ ಇರಲಿಲ್ಲ.

ಆ ಹರಾಜಿಗೆ ಚೀನಾ ಸರ್ಕಾರ ಇಬ್ಬರು ತಜ್ಞರನ್ನು ಕಳಿಸಿತ್ತು, ಕೈಯಲ್ಲಿ 30,000 ಡಾಲರ್ ಕೊಟ್ಟು. ತಮ್ಮದೇ ದೇಶದ ಪಿಂಗಾಣಿ ಕೊಂಡು ತರಲೆಂದು. ಒಂದು ತಟ್ಟೆಯನ್ನೂ ಕೊಳ್ಳಲಾಗದೆ ಅವರು ಬರಿಗೈಯಲ್ಲಿ ಹಿಂದಿರುಗಿದರು.

ಮರುವರ್ಷ, 1987ರಲ್ಲಿ, ಚೀನಾ ಸರ್ಕಾರಿ ದುಡ್ಡಿನಲ್ಲಿ ನೀರಡಿಯ ಪುರಾತತ್ವ ಶುರುಮಾಡಿತು. ಅದೇ ವರ್ಷ ಗ್ವಾಂಗ್‌ಡಾಂಗ್ ಕರಾವಳಿಯಲ್ಲಿ ಸುಮಾರು ಎಂಟುನೂರು ವರ್ಷ ಹಳೆಯ ಸೋಂಗ್ ಕಾಲದ ವ್ಯಾಪಾರಿ ಹಡಗು ಸಿಕ್ಕಿತು, ನಾನ್‌ಹಾಯ್ ಒಂದು ಎಂದು ಹೆಸರಿಟ್ಟರು. ಅವಸರ ಮಾಡಲಿಲ್ಲ. ಇಪ್ಪತ್ತು ವರ್ಷ ತಯಾರಿ ಮಾಡಿ, 2007ರಲ್ಲಿ ಇಡೀ ಹಡಗನ್ನು ಸುತ್ತಲಿನ ಕೆಸರಿನ ಸಮೇತ ದೊಡ್ಡ ಉಕ್ಕಿನ ಪೆಟ್ಟಿಗೆಯಲ್ಲಿ ಎತ್ತಿ, ಅದಕ್ಕೆಂದೇ ಕಟ್ಟಿದ ಮ್ಯೂಸಿಯಮ್ಮಿನೊಳಗೆ ಇಳಿಸಿದರು. ಅಲ್ಲೇ ಕೆಸರು ಬಿಡಿಸುತ್ತ, ನೋಡಲು ಬಂದವರ ಕಣ್ಣೆದುರೇ ಉತ್ಖನನ. 1,80,000ಕ್ಕೂ ಹೆಚ್ಚು ವಸ್ತು ಸಿಕ್ಕಿವೆ. ಒಂದೂ ಹರಾಜಿಗೆ ಹೋಗಲಿಲ್ಲ.

ನಾವು ಚೀನಾದಷ್ಟು ಖರ್ಚು ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಗಮನಿಸಬೇಕಾದ್ದು ಇಷ್ಟೇ: ಒಂದು ಅವಶೇಷ ಜ್ಞಾನವಾಗುತ್ತದೋ, ಸರಕಾಗುತ್ತದೋ ಎಂಬುದು ಅದರೊಳಗೆ ಏನಿದೆ ಎಂಬುದಕ್ಕಿಂತ ಹೆಚ್ಚಾಗಿ, ಮುಳುಗುಗಾರನ ಕೂಲಿ ಯಾರ ಜೇಬಿನಿಂದ ಬಂತು ಎಂಬುದರ ಮೇಲೆ ನಿಂತಿದೆ. ಲಾಭದ ಆಸೆ ಇಲ್ಲದ ದುಡ್ಡು ಮಾತ್ರ ಹೆಂಚಿನ ಹಡಗಿಗೆ ಇಳಿಯುತ್ತದೆ.

ಖರ್ಚು ನೀರಿನೊಳಗಲ್ಲ, ಮೇಲೆ ಬಂದ ಮೇಲೆ

ರೀಲ್ಸ್‌ನಲ್ಲಿ ನಾವು ನೋಡುವುದು ಮುಳುಗುವ ಮೂವತ್ತು ಸೆಕೆಂಡು. ನೀಲಿ ನೀರು, ಗುಳ್ಳೆ, ಫಿರಂಗಿ. ನಿಜವಾದ ಬಿಲ್ಲು ಬರುವುದು ಅದರ ಹಿಂದೆ ಮುಂದೆ.

ಮೊದಲು ಹುಡುಕಾಟ. ದೋಣಿಯ ಹಿಂದೆ ಸೋನಾರ್ ಎಳೆದುಕೊಂಡು, ಗದ್ದೆ ಉತ್ತ ಹಾಗೆ ಸಾಲುಸಾಲಾಗಿ ಕಡಲನ್ನು ಸವರಬೇಕು. ಶಬ್ದದ ಪ್ರತಿಧ್ವನಿಯಿಂದ ತಳದ ಚಿತ್ರ ಮೂಡುತ್ತದೆ. ಹೂಳಿನಡಿ ಕಬ್ಬಿಣ ಇದ್ದರೆ ಮ್ಯಾಗ್ನೆಟೋಮೀಟರ್ ಹೇಳುತ್ತದೆ. ನಮ್ಮ ಕಡಲು ಇದಕ್ಕೆ ಸಿಗುವುದೇ ವರ್ಷದ ಕೆಲವು ತಿಂಗಳು. ಮಳೆಗಾಲದಲ್ಲಿ ಮೀನಿನ ದೋಣಿಯೇ ಹೊರಡುವುದಿಲ್ಲ, ಇನ್ನು ಸಂಶೋಧಕರು ಎಲ್ಲಿಗೆ ಹೋಗುವುದು? ಅದು ಮುಗಿದ ಮೇಲೂ ನದಿ ತಂದ ಕೆಸರಿನಿಂದ ಒಂದು ಮಾರು ಆಚೆ ಕಾಣದ ದಿನಗಳು ಎಷ್ಟೋ.

ಆಮೇಲೆ ನೀರಿನೊಳಗೆ ಅಳತೆ, ಚಿತ್ರ, ಗುರುತು. ಟರ್ಕಿಯ ಉಲುಬುರುನ್ ಎಂಬಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯ ಹಡಗೊಂದನ್ನು 1984ರಿಂದ 1994ರವರೆಗೆ ಬಿಡಿಸಿದರು. ಒಟ್ಟು 22,413 ಸಲ ಮುಳುಗಿದರು. ಒಬ್ಬೊಬ್ಬರಿಗೆ ತಳದಲ್ಲಿ ಸಿಗುತ್ತಿದ್ದದ್ದು ದಿನಕ್ಕೆ ಕೆಲವೇ ನಿಮಿಷ. ದುಡ್ಡು ಹಾಕಿದ್ದು ಜಾರ್ಜ್ ಬಾಸ್ ಕಟ್ಟಿದ ಲಾಭರಹಿತ ಸಂಸ್ಥೆ, ಅದರ ದಾನಿಗಳು.

ಕೊನೆಯದ್ದು, ಅತಿ ದುಬಾರಿಯದ್ದು, ಕಾಪಾಡುವ ಕೆಲಸ. ಶತಮಾನಗಟ್ಟಲೆ ಉಪ್ಪುನೀರು ಕುಡಿದ ಮಡಕೆಯನ್ನು ಹಾಗೇ ಬಿಸಿಲಿಗಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ಮೈ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಸಿಹಿನೀರಿನಲ್ಲಿ ಇಟ್ಟು, ಮತ್ತೆ ಮತ್ತೆ ನೀರು ಬದಲಿಸಿ ಉಪ್ಪು ತೆಗೆಯಬೇಕು. ಕಬ್ಬಿಣದ ಫಿರಂಗಿಗೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ ಚಿಕಿತ್ಸೆ. ಮರದ ಕಥೆ ಕೇಳುವುದೇ ಬೇಡ. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂತು. ಮರ ಕುಗ್ಗಿ ಸೀಳದಿರಲಿ ಎಂದು ಅದರ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ದ್ರವ ಸಿಂಪಡಿಸಿದ್ದು ಹದಿನೇಳು ವರ್ಷ. ನಮ್ಮ ಒಂದು ಹೋಮ್ ಲೋನಿನ ಅವಧಿ!

ಆದ್ದರಿಂದಲೇ ಜಗತ್ತಿನ ತಜ್ಞರು ಮೊದಲು ಹೇಳುವ ಮಾತು: ಸಾಧ್ಯವಾದರೆ ಎತ್ತಬೇಡಿ, ಅಲ್ಲೇ ಕಾಪಾಡಿ. 2001ರ ಯುನೆಸ್ಕೋ ಒಪ್ಪಂದದ ಮೊದಲ ಆಯ್ಕೆಯೂ ಇದೇ. ನೂರು ವರ್ಷಕ್ಕೂ ಹೆಚ್ಚು ಕಾಲ ನೀರಡಿಯಲ್ಲಿ ಇದ್ದದ್ದನ್ನು ಪರಂಪರೆ ಎಂದು ಪರಿಗಣಿಸಿ, ಅದರ ವ್ಯಾಪಾರ ಕೂಡದು ಎನ್ನುತ್ತದೆ ಅದು. ಭಾರತ ಇನ್ನೂ ಅದಕ್ಕೆ ಸೇರಿಲ್ಲ. ಎತ್ತದೆ ಕಾಪಾಡುವುದು ಅಗ್ಗ, ಆದರೆ ಅದಕ್ಕೂ ಮೊದಲು ಎಲ್ಲಿದೆ ಎಂದು ಗೊತ್ತಿರಬೇಕು. ಗೊತ್ತಾಗಲು ಸರ್ವೆ ಆಗಬೇಕು. ಸರ್ವೆಗೆ ದುಡ್ಡು ಬೇಕು. ತಿರುಗಿ ಅಲ್ಲಿಗೇ ಬಂದೆವು.

ಶಾಲೆಯ ಮಾಡು ಸೋರುವಾಗ?

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಬಂದ ಮೊದಲ ಪ್ರಶ್ನೆ: ‘ಊರಿನ ಶಾಲೆಯ ಹೆಂಚು ಹಾರಿಹೋಗಿದೆ, ಕಡಲೊಳಗಿನ ಹೆಂಚಿಗೆ ಯಾಕೆ ದುಡ್ಡು?’

ನ್ಯಾಯವಾದ ಪ್ರಶ್ನೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನೂ ಶಾಲೆಯ ಮಾಡನ್ನೇ ಆರಿಸುತ್ತೇನೆ. ಆದರೆ ಪರಿಸ್ಥಿತಿ ಹಾಗಿಲ್ಲ. ಕಡಲಿಗೆ ನಾವು ಈಗಾಗಲೇ ಬೇಕಾದಷ್ಟು ದುಡ್ಡು ಸುರಿಯುತ್ತಿದ್ದೇವೆ. ಬಂದರಿನ ಹೂಳು ತೆಗೆಯುತ್ತೇವೆ, ಅಲೆ ತಡೆಗೆ ಬಂಡೆ ಹಾಕುತ್ತೇವೆ, ಮೀನುಗಾರಿಕೆ ಜೆಟ್ಟಿ ಕಟ್ಟುತ್ತೇವೆ, ಕೇಬಲ್ಲು ಪೈಪು ಎಳೆಯುತ್ತೇವೆ. ಇವುಗಳಿಗೆಲ್ಲ ತಳದ ಸರ್ವೆ ಹೇಗೂ ಆಗುತ್ತದೆ. ಆ ನಕ್ಷೆಯನ್ನು ಒಬ್ಬ ಪುರಾತತ್ವಜ್ಞ ಒಮ್ಮೆ ನೋಡಲಿ ಎನ್ನುವ ನಿಯಮಕ್ಕೆ ಆಗುವ ಖರ್ಚು, ಆ ಕಾಮಗಾರಿಯ ಉದ್ಘಾಟನೆಯ ಶಾಮಿಯಾನಕ್ಕಿಂತ ಹೆಚ್ಚಾಗಲಿಕ್ಕಿಲ್ಲ. ಡ್ರೆಜ್ಜರ್ ಒಮ್ಮೆ ಜಗಿದು ಉಗುಳಿದ ಮೇಲೆ ಮಾತ್ರ ಎಷ್ಟು ಕೋಟಿ ಕೊಟ್ಟರೂ ಅದು ವಾಪಸ್ ಬರುವುದಿಲ್ಲ.

2022ರ ಜೂನ್‌ನಲ್ಲಿ ಉಳ್ಳಾಲದ ಕಡಲಲ್ಲಿ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದ್ದು ನೆನಪುಂಟಲ್ಲ? ಹದಿನೈದು ಮಂದಿ ಸಿರಿಯಾದ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಉಳಿಸಿದರು. ಎಣ್ಣೆ ಸೋರಿದರೆ ಎಂದು ಇಡೀ ಜಿಲ್ಲಾಡಳಿತ ಎಚ್ಚರವಾಗಿತ್ತು. ಆಗಲೇಬೇಕು. ಹೊಸ ಅವಶೇಷಕ್ಕೆ ಮಾಲೀಕ, ವಿಮೆ, ಕಾನೂನು, ಕೋರ್ಟು ಎಲ್ಲ ಉಂಟು. ನಾನೂರು ವರ್ಷ ಹಳೆಯದಕ್ಕೆ ಯಾರಿದ್ದಾರೆ? ಅದರ ಪರವಾಗಿ ಬಿಲ್ಲು ಕೊಡುವವನೇ ಇಲ್ಲ.

ಪಕ್ಕದ ರಾಜ್ಯಗಳನ್ನು ನೋಡಿ. ತಮಿಳುನಾಡಿನ ಪುರಾತತ್ವ ಇಲಾಖೆ ಚೋಳರ ಬಂದರು ಪೂಂಪುಹಾರಿನ ಕಡಲಲ್ಲಿ ರಾಜ್ಯದ ದುಡ್ಡಿನಲ್ಲೇ ಹುಡುಕಾಟ ಮಾಡಿಸಿದೆ. ಗೋವಾದಲ್ಲಿ ಎನ್‌ಐಒ ಇರುವುದರಿಂದ ಸೇಂಟ್ ಜಾರ್ಜ್ ರೀಫ್ ಅಲ್ಲದೆ, ಸುಂಚಿ ರೀಫ್‌ನಲ್ಲಿ ಹದಿನೇಳನೇ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷವೂ ಬೆಳಕಿಗೆ ಬಂತು: ಫಿರಂಗಿ, ಆನೆ ದಂತ, ನೀರುಕುದುರೆಯ ಹಲ್ಲು, ಚೀನಾದ ಪಿಂಗಾಣಿ ಚೂರು. ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರಿನ ದಾರಿ ಹಿಡಿದು ಹೋದ ಹಡಗುಗಳೂ ಅದೇ ಕಾಲದವು. ನಮ್ಮಲ್ಲಿ ಸುರತ್ಕಲ್ಲಿನ ಎನ್‌ಐಟಿಕೆ ಉಂಟು, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಉಂಟು, ಇತಿಹಾಸ ವಿಭಾಗಗಳಿರುವ ವಿಶ್ವವಿದ್ಯಾಲಯ ಉಂಟು. ಮೂರನ್ನೂ ಒಂದೇ ದೋಣಿಗೆ ಹತ್ತಿಸುವ ಸಣ್ಣ, ಆದರೆ ವರ್ಷ ತಪ್ಪದ ಅನುದಾನ ಬೇಕು.

ವರ್ಷ ತಪ್ಪದ ಎಂಬ ಮಾತು ಮುಖ್ಯ. ಒಂದು ವರ್ಷ ದೊಡ್ಡ ಮೊತ್ತ, ಮರುವರ್ಷ ಸೊನ್ನೆ ಎಂದಾದರೆ ಮುಳುಗಲು ಕಲಿತ ಹುಡುಗ ಹುಡುಗಿಯರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಎತ್ತಿದ ವಸ್ತು ಒಣಗಿ ಬಿರಿಯುತ್ತದೆ.

ನಮ್ಮ ಕೈಯಲ್ಲಿ ಏನುಂಟು?

ಇದನ್ನು ಓದುವ ನಿಮ್ಮಲ್ಲಿ ಹಲವರು ಕಂಪನಿಗಳಲ್ಲಿ ಇದ್ದೀರಿ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ಕೊಡಬೇಕು. ಯಾವುದಕ್ಕೆ ಕೊಡಬಹುದು ಎಂಬ ಪಟ್ಟಿಯಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆ ಸ್ಪಷ್ಟವಾಗಿ ಉಂಟು. 1996ರಿಂದ ಕೇಂದ್ರದ ರಾಷ್ಟ್ರೀಯ ಸಂಸ್ಕೃತಿ ನಿಧಿಯೂ ಉಂಟು, ಅಲ್ಲಿ ದಾನಿ ಇಂಥದ್ದೇ ಕೆಲಸಕ್ಕೆ ಎಂದು ಹೇಳಿ ಹಣ ಕೊಡಬಹುದು. ಸಿಎಸ್‌ಆರ್ ಸಭೆಯಲ್ಲಿ ಗಿಡ ನೆಡುವುದು, ಬೀಚ್ ಸ್ವಚ್ಛತೆ ಎಂಬ ಮಾತು ಬಂದಾಗ ಇದನ್ನೂ ಒಂದು ಸಲ ಹೇಳಿ ನೋಡಿ. ನಗುತ್ತಾರೆ, ನಗಲಿ.

ಓಮನ್‌ನಲ್ಲಿ ಹೀಗೇ ಆಯಿತು. ವಾಸ್ಕೋ ಡ ಗಾಮನ ಎರಡನೇ ಭಾರತ ಯಾತ್ರೆಯ ಪಡೆಯಲ್ಲಿದ್ದು 1503ರಲ್ಲಿ ಮುಳುಗಿದ ಎಸ್ಮೆರಾಲ್ಡಾ ಹಡಗಿನದ್ದೆಂದು ಗುರುತಿಸಿದ ಅವಶೇಷವನ್ನು 2013ರಿಂದ 2015ರವರೆಗೆ ಅಲ್ಲಿನ ಸಂಸ್ಕೃತಿ ಸಚಿವಾಲಯ ಉತ್ಖನನ ಮಾಡಿಸಿತು. ಖರ್ಚಿಗೆ ನ್ಯಾಷನಲ್ ಜಿಯಾಗ್ರಫಿಕ್‌ನಂಥ ಹೊರಗಿನ ಸಂಸ್ಥೆಗಳೂ ಕೈ ಜೋಡಿಸಿದವು. ವಸ್ತುಗಳು ಓಮನ್‌ನಲ್ಲೇ ಉಳಿದವು.

ಇನ್ನೊಂದು, ದುಡ್ಡು ಬೇಡದ್ದು. ಉಲುಬುರುನ್ ಹಡಗನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಸ್ಪಂಜು ಹೆಕ್ಕಲು ಮುಳುಗಿದ ಊರವನು. ಕಡಲ ತಳದಲ್ಲಿ ಬಲೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಮಲ್ಪೆಯ, ಉಳ್ಳಾಲದ ಮೀನುಗಾರರಿಗೆ ಯಾವ ಸೋನಾರಿಗಿಂತ ಮೊದಲೇ ಗೊತ್ತು. ಬಲೆಯಲ್ಲಿ ಮಡಕೆ ಬಂದರೆ ಹೇಳಲು ಒಂದು ಫೋನ್ ನಂಬರ್, ಹೇಳಿದವನ ಹೆಸರಿಗೆ ಗೌರವ, ಹೇಳಿದ್ದಕ್ಕಾಗಿ ದೋಣಿ ತಡೆಹಿಡಿಯುವುದಿಲ್ಲ ಎಂಬ ಭರವಸೆ, ಇಷ್ಟಾದರೆ ಅರ್ಧ ಸರ್ವೆ ಆದ ಹಾಗೆ. ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಕ್ಕೆ ಹೋಗುವವರೂ ಅಷ್ಟೇ. ತಳದಲ್ಲಿ ಏನಾದರೂ ಕಂಡರೆ ಶೋಕೇಸಿಗೆ ಎತ್ತಿಕೊಂಡು ಬರಬೇಡಿ. ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿ, ಇಲಾಖೆಗೆ ತಿಳಿಸಿ.

ನಿಧಾನದ ದಾನ ನಮ್ಮೂರಿಗೆ ಹೊಸತಲ್ಲ. ಧವಳಾ ತಾಳೆಗರಿಗಳನ್ನು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಯಾರೋ ಎಣ್ಣೆ ಸವರಿ, ಬಟ್ಟೆ ಸುತ್ತಿ ಕಾದರು. ಅದನ್ನು ಹೀರಾಲಾಲ್ ಜೈನ್ ಸಂಪಾದಿಸಿ 1939ರಿಂದ ಪುಸ್ತಕವಾಗಿ ತರತೊಡಗಿದಾಗ ಖರ್ಚಿಗೆ ನಿಂತದ್ದು ದೂರದ ವಿದಿಶಾದ ಒಬ್ಬ ವ್ಯಾಪಾರಿಯ ನಿಧಿ. ಹದಿನಾರು ಸಂಪುಟ ಮುಗಿಯಲು ಎರಡು ದಶಕ ಹಿಡಿಯಿತು. ದುಡ್ಡು ಕೊಟ್ಟವರಿಗೆ ಅದರಿಂದ ಒಂದು ಪೈಸೆ ಲಾಭವಿಲ್ಲ. ಅವರು ಕೊಡದಿದ್ದರೆ ಗರಿಗಳು ಇವತ್ತಿಗೂ ಬಟ್ಟೆಯೊಳಗೇ ಇರುತ್ತಿದ್ದವೋ ಏನೋ. ಕಡಲ ತಳದ್ದೂ ಅದೇ ಜಾತಿಯ ಗ್ರಂಥ. ವ್ಯತ್ಯಾಸ ಒಂದೇ, ಇಲ್ಲಿ ಎಣ್ಣೆ ಸವರಿ ಕಾಯುವವರಿಲ್ಲ.

ಮಾಡಿನ ಕೆಲಸ ಎರಡು ದಿನದಲ್ಲಿ ಮುಗಿಯಿತು. ಮುದ್ರೆ ಇದ್ದ ಹೆಂಚನ್ನು ಏನು ಮಾಡುವುದೆಂದು ಕೇಳಿದರು. ಗೋಡೆಗೆ ನೇತುಹಾಕೋಣ ಎಂದಿತು ಗ್ರೂಪು. ಸೀಳಿಲ್ಲ, ಗಟ್ಟಿ ಉಂಟು, ಇನ್ನೂ ಐವತ್ತು ಮಳೆಗಾಲ ತಡೆಯುತ್ತದೆ ಎಂದರು ಮಾಡಿನ ಮೇಲಿದ್ದವರು. ಫೋಟೋ ತೆಗೆದಿಟ್ಟುಕೊಂಡು ಮೇಲಕ್ಕೆ ಕೊಟ್ಟೆ. ಅದೇ ಜಾಗದಲ್ಲಿ ಕೂತಿದೆ. ಮೊನ್ನೆಯಿಂದ ಮಳೆ ಹಿಡಿದಿದೆ, ಅಡುಗೆಮನೆ ಸೋರುತ್ತಿಲ್ಲ.